ಹಾಡಿನ ಹಿಂದಿನ ‘ಗುಂಯ್’ ಸದ್ದು ನಿಲ್ಲಲಿ: ಆಡಿಯೋ ವ್ಯವಸ್ಥೆಗೆ ಮನೆಯ ಕರೆಂಟನ್ನು ಸರಿಪಡಿಸುವ ಹತ್ತು ಹಂತಗಳು

ಒಳ್ಳೆಯ ಸ್ಪೀಕರ್, ಒಳ್ಳೆಯ ಆಂಪ್ಲಿಫೈಯರ್ ಎರಡೂ ಮನೆಗೆ ಬಂದಿವೆ. ಆದರೂ ಆಲಾಪ ಶುರುವಾಗುವ ಮುಂಚಿನ ಮೌನದಲ್ಲಿ ಸ್ಪೀಕರಿನಿಂದ ಸಣ್ಣಗೆ ‘ಗುಂಯ್’ ಎಂಬ ಸದ್ದು ಕೇಳುತ್ತಿದೆ. ಫ್ರಿಜ್ ಆನ್ ಆದಾಗೆಲ್ಲ ‘ಟಪ್’ ಎನ್ನುತ್ತದೆ. ಫ್ಯಾನಿನ ವೇಗ ಕಡಿಮೆ ಮಾಡಿದರೆ ಕರಕರ ಶುರುವಾಗುತ್ತದೆ. ಇಂಥ ತೊಂದರೆಗಳ ಮೂಲ ಸಾಮಾನ್ಯವಾಗಿ ಆಡಿಯೋ ಉಪಕರಣದಲ್ಲಿ ಇರುವುದಿಲ್ಲ. ಅದಕ್ಕೆ ಕರೆಂಟು ಬರುವ ದಾರಿಯಲ್ಲಿ, ಒಂದು ಉಪಕರಣವನ್ನು ಇನ್ನೊಂದಕ್ಕೆ ಜೋಡಿಸಿರುವ ರೀತಿಯಲ್ಲಿ ಇರುತ್ತದೆ.

ನಮಗೆ ಬರುವುದು 50 ಹರ್ಟ್ಜ್ ಕರೆಂಟು. ಹಾಗಾಗಿ ಅದರ ಗದ್ದಲ ಸ್ಪೀಕರಿನಲ್ಲಿ 50 ಹರ್ಟ್ಜ್‌ನಲ್ಲಿ, ಅದರ ಇಮ್ಮಡಿಯಾದ 100 ಹರ್ಟ್ಜ್‌ನಲ್ಲಿ ಕೇಳಿಸುತ್ತದೆ. ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯಲ್ಲಿ ಪಂಚಮದ ತಂತಿ ಮಿಡಿಯುವುದು ಸುಮಾರು 104 ಹರ್ಟ್ಜ್‌ನಲ್ಲಿ. ಅದರ ಪಕ್ಕದಲ್ಲೇ, ಒಂದು ಸ್ವರಸ್ಥಾನದಷ್ಟೂ ದೂರವಿಲ್ಲದೆ, ಈ 100 ಹರ್ಟ್ಜ್ ಗುಂಯ್‌ಗುಡುತ್ತಿದ್ದರೆ ಶ್ರುತಿ ಕಲಸಿದ ಹಾಗೆ ಕೇಳುವುದು ಸಹಜ. ಶಾಸ್ತ್ರೀಯ ಸಂಗೀತ ಕೇಳುವವರು ಈ ವಿಷಯಕ್ಕೆ ಗಮನ ಕೊಡಲೇಬೇಕು ಎನ್ನುವುದು ಇದಕ್ಕೇ.

ಪರಿಹಾರಗಳಲ್ಲಿ ಹೆಚ್ಚಿನವು ಅಗ್ಗ. ಆದರೆ ಅವುಗಳನ್ನು ಕ್ರಮದಲ್ಲಿ ಮಾಡಬೇಕು: ಮೊದಲು ಸುರಕ್ಷತೆ, ಆಮೇಲೆ ಗದ್ದಲದ ನಿವಾರಣೆ, ಕೊನೆಗೆ ರಕ್ಷಣೆಯ ಸಾಧನಗಳು.

ಬೇಕಾಗುವ ವಸ್ತುಗಳು: ಒಂದು ಡಿಜಿಟಲ್ ಮಲ್ಟಿಮೀಟರ್ (ಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಗುರುತು ಇರಲಿ), ಟಾರ್ಚ್, ನೋಟ್‌ಬುಕ್, ಹಾಡು ತುಂಬಿದ ಮೊಬೈಲ್ ಮತ್ತು ಅದನ್ನು ಆಂಪ್ಲಿಫೈಯರಿಗೆ ಜೋಡಿಸುವ ವೈರು.

ಒಂದು ಎಚ್ಚರಿಕೆ: ಸಾಕೆಟ್ಟಿನ ಹೊರಗಿನಿಂದ ಅಳೆಯುವುದು, ಪ್ಲಗ್ ಬದಲಿಸುವುದು, ಸ್ವಿಚ್ ಆರಿಸಿ ನೋಡುವುದು ನೀವು ಮಾಡಬಹುದಾದ ಕೆಲಸ. ಸ್ವಿಚ್ ಬೋರ್ಡ್ ಬಿಚ್ಚುವುದು, ಮನೆಯ ಎಂಸಿಬಿ ಸ್ವಿಚ್‌ಗಳೆಲ್ಲ ಇರುವ ಡಿಬಿ ಬಾಕ್ಸನ್ನು ಬಿಚ್ಚಿ ಒಳಗೆ ಕೈ ಹಾಕುವುದು, ಹೊಸ ವೈರು ಎಳೆಯುವುದು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರ ಕೆಲಸ. ಮೀಟರಿನಿಂದ ಆಚೆಗಿನದು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್‌ಗಳಿಗೆ ಸೇರಿದ್ದು.

## ಹಂತ 1: ಸದ್ದನ್ನು ಗುರುತಿಸಿ

ವಾಲ್ಯೂಮ್ ಪೂರ್ತಿ ಇಳಿಸಿ, ಆಂಪ್ಲಿಫೈಯರ್ ಆನ್ ಮಾಡಿ, ಹಾಡು ಹಾಕದೆ ಸದ್ದು ಕೇಳುವಷ್ಟು ವಾಲ್ಯೂಮ್ ಮೆಲ್ಲಗೆ ಏರಿಸಿ, ಸ್ಪೀಕರಿಗೆ ಕಿವಿ ಕೊಡಿ. ಆಮೇಲೆ ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂಬದಿಗೆ ಬಂದಿರುವ ಎಲ್ಲ ಇನ್‌ಪುಟ್ ವೈರುಗಳನ್ನೂ ಬಿಚ್ಚಿ, ಮತ್ತೆ ಆನ್ ಮಾಡಿ ಕೇಳಿ.

- ವೈರು ಬಿಚ್ಚಿದ ಮೇಲೆ ಸದ್ದು ನಿಂತಿತು: ತೊಂದರೆ ಜೋಡಣೆಯಲ್ಲಿದೆ. 7ನೇ ಹಂತ ಇದಕ್ಕೇ ಇದೆ.
- ಬಿಚ್ಚಿದರೂ ಸದ್ದು ಹಾಗೇ ಇದೆ: ಆಂಪ್ಲಿಫೈಯರಿನ ಒಳಗಿನ ದೋಷ ಇರಬಹುದು. ಹಳೆಯ ಉಪಕರಣಗಳಲ್ಲಿ ಫಿಲ್ಟರ್ ಕೆಪ್ಯಾಸಿಟರ್ ಒಣಗಿದಾಗ 100 ಹರ್ಟ್ಜ್ ಸದ್ದು ಬರುತ್ತದೆ. ಮೆಕ್ಯಾನಿಕ್ಕಿಗೆ ತೋರಿಸಿ.
- ಸದ್ದು ಸ್ಪೀಕರಿನಿಂದ ಬರುತ್ತಿಲ್ಲ, ಆಂಪ್ಲಿಫೈಯರಿನ ಡಬ್ಬಿಯೇ ನಡುಗುತ್ತಿದೆ: ಒಳಗಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿದೆ. ವೋಲ್ಟೇಜ್ ಹೆಚ್ಚಾಗಿದ್ದರೆ, ಅಥವಾ ಅದೇ ಲೈನಿನಲ್ಲಿ ಅಗ್ಗದ ಹೇರ್ ಡ್ರೈಯರ್‌ನಂಥ ಉಪಕರಣ ನಡೆಯುತ್ತಿದ್ದರೆ ಹೀಗಾಗುತ್ತದೆ.
- ನುಣುಪಾದ ಗುಂಯ್ ಅಲ್ಲ, ಚೂಪಾದ ಕರಕರ: ಮನೆಯೊಳಗಿನ ಯಾವುದೋ ರೆಗ್ಯುಲೇಟರ್, ಡಿಮ್ಮರ್ ಅಥವಾ ಚಾರ್ಜರ್ ಕಾರಣ. 6ನೇ ಹಂತ ನೋಡಿ.

ಕೇಳಿದ್ದನ್ನು ಹೊತ್ತಿನ ಸಮೇತ ಬರೆದಿಡಿ. ಮುಂದೆ ಮಾಡುವ ಪ್ರತಿಯೊಂದು ಬದಲಾವಣೆಯ ಫಲವನ್ನೂ ಈ ಟಿಪ್ಪಣಿಯೊಂದಿಗೆ ಹೋಲಿಸಬೇಕು.

## ಹಂತ 2: ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಿರಿ

ಮಲ್ಟಿಮೀಟರನ್ನು ಎಸಿ ವೋಲ್ಟೇಜಿನ 600 ಅಥವಾ 750ರ ಸ್ಥಾನಕ್ಕೆ ತಿರುಗಿಸಿ. ಕೆಂಪು ವೈರು ವೋಲ್ಟ್ ಎಂದು ಬರೆದ ತೂತಿನಲ್ಲೇ ಇದೆಯೇ ಎಂದು ಎರಡು ಸಲ ನೋಡಿ. ಆಂಪಿಯರ್ ತೂತಿನಲ್ಲಿದ್ದರೆ ಸಾಕೆಟ್ಟಿಗೆ ಮುಟ್ಟಿಸಿದ ಕೂಡಲೇ ಶಾರ್ಟ್ ಆಗುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಕೈ ಒಣಗಿರಲಿ, ಬೆರಳು ಲೋಹದ ತುದಿಯಿಂದ ದೂರವಿರಲಿ.

ಸಾಕೆಟ್ಟಿಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ಥಿಂಗ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್.

1. ಫೇಸ್–ನ್ಯೂಟ್ರಲ್: 230 ವೋಲ್ಟ್ ಆಸುಪಾಸಿನಲ್ಲಿರಬೇಕು. ಶೇ. 6ರಷ್ಟು ಹೆಚ್ಚು ಕಡಿಮೆ, ಅಂದರೆ 216ರಿಂದ 244ರವರೆಗೆ ಇದ್ದರೆ ಚಿಂತೆಯಿಲ್ಲ.
2. ಫೇಸ್–ಅರ್ಥ್: ಮೊದಲ ಅಳತೆಗೆ ಹೆಚ್ಚುಕಡಿಮೆ ಸಮನಾಗಿರಬೇಕು. 80, 120 ಎಂದು ತೂಗಾಡುತ್ತಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ತಲುಪಿಲ್ಲ.
3. ನ್ಯೂಟ್ರಲ್–ಅರ್ಥ್: ಒಂದೆರಡು ವೋಲ್ಟ್ ಇದ್ದರೆ ಸಹಜ. 5 ವೋಲ್ಟ್ ದಾಟಿದರೆ ನ್ಯೂಟ್ರಲ್ ಜೋಡಣೆ ಸಡಿಲವಾಗಿರಬಹುದು ಅಥವಾ ಅರ್ಥಿಂಗ್ ದುರ್ಬಲವಾಗಿರಬಹುದು. ಮನೆಯಲ್ಲಿ ಗೀಸರ್, ಮಿಕ್ಸಿ ಓಡುತ್ತಿರುವಾಗಲೂ ಇದು ಸೊನ್ನೆಯೇ ಆಗಿದ್ದರೆ ಯಾರೋ ಬೋರ್ಡಿನೊಳಗೆ ನ್ಯೂಟ್ರಲನ್ನೂ ಅರ್ಥನ್ನೂ ಸೇರಿಸಿಬಿಟ್ಟಿರುವ ಸಾಧ್ಯತೆ ಇದೆ. ಅದು ಅಪಾಯ, ಎಲೆಕ್ಟ್ರಿಷಿಯನ್ನರಿಂದ ತಪಾಸಣೆ ಮಾಡಿಸಿ.

ಬಲಗಡೆಯ ತೂತಿನಲ್ಲಿ ನ್ಯೂಟ್ರಲ್, ಎಡಗಡೆ ಫೇಸ್ ಇರುವುದು ಗೊತ್ತಾದರೆ ಅದನ್ನೂ ಅದಲುಬದಲು ಮಾಡಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಏಳರ ನಂತರ ಹೀಗೆ ಮೂರು ಹೊತ್ತು ಅಳೆಯಿರಿ. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಗೀಸರ್ ಹೊತ್ತಿಕೊಂಡಾಗ ವೋಲ್ಟೇಜ್ ಇಳಿಯುತ್ತದೆ. ಹಳ್ಳಿಗಳಲ್ಲಿ ಪಂಪ್‌ಸೆಟ್ ಓಡುವ ಹೊತ್ತಿನ ಅಳತೆಯೇ ಬೇರೆ. ವೋಲ್ಟೇಜ್ ಸದಾ ಮಿತಿಯ ಹೊರಗಿದ್ದರೆ ನಿಮ್ಮ ವಿದ್ಯುತ್ ಕಂಪನಿಗೆ ಬರಹದಲ್ಲಿ ದೂರು ಕೊಡಿ. ಕಂಬದ ಬಳಿಯ ಸಡಿಲ ಜೋಡಣೆಯನ್ನು ಬಿಗಿ ಮಾಡುವುದು ಅವರ ಹೊಣೆ.

## ಹಂತ 3: ಅರ್ಥಿಂಗ್ ಗಟ್ಟಿ ಮಾಡಿಸಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ. ಆಂಪ್ಲಿಫೈಯರಿನ ಲೋಹದ ಕವಚಕ್ಕೆ ಫೇಸ್ ತಗುಲಿದರೆ ನಿಮ್ಮ ಜೀವ ಉಳಿಸುವುದು ಅರ್ಥಿಂಗ್. ಉಪಕರಣಗಳ ಒಳಗಿನ ಫಿಲ್ಟರುಗಳು ಗದ್ದಲವನ್ನು ಹರಿಸಿ ಬಿಡುವುದಕ್ಕೂ ಅದೇ ದಾರಿ.

ಮಲ್ಟಿಮೀಟರ್ ಅರ್ಥಿಂಗ್ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಅದು ಎಷ್ಟು ಗಟ್ಟಿ ಎಂಬುದನ್ನು ಹೇಳಲಾರದು. ತುಕ್ಕು ಹಿಡಿದ ತಂತಿಯಲ್ಲೂ ಮೀಟರ್ 230 ತೋರಿಸಬಲ್ಲದು. ಅದಕ್ಕೆ ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಅರ್ಥಿಂಗಿಗೆ ನಮ್ಮ ದೇಶದ ಮಾನದಂಡ ಐಎಸ್ 3043. ಮನೆಗಳಲ್ಲಿ ರೋಧ 5 ಓಮ್ ಒಳಗಿರಲಿ ಎಂದು ಎಲೆಕ್ಟ್ರಿಷಿಯನ್ನರು ಸಾಮಾನ್ಯವಾಗಿ ಗುರಿ ಇಟ್ಟುಕೊಳ್ಳುತ್ತಾರೆ.

ಸ್ವಂತ ಮನೆಯಾದರೆ ಅಂಗಳದ ಅರ್ಥ್ ಗುಂಡಿಯ ಮುಚ್ಚಳ ತೆಗೆದು ನೋಡಿ. ಪೈಪಿಗೆ ತಂತಿ ಕಟ್ಟಿದ ಬೋಲ್ಟ್ ತುಕ್ಕು ಹಿಡಿದಿದ್ದರೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ನರಿಂದ ಅದನ್ನು ಉಜ್ಜಿಸಿ, ಬಿಗಿ ಮಾಡಿಸಿ. ಇದ್ದಿಲು ಮತ್ತು ಉಪ್ಪು ತುಂಬಿದ ಹಳೆಯ ಗುಂಡಿಗಳು ತೇವ ಇದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಬಯಲುಸೀಮೆಯ ಬೇಸಿಗೆಯಲ್ಲಿ ಆಗಾಗ ಗುಂಡಿಗೆ ನೀರು ಹಾಕಿ. ಅಪಾರ್ಟ್‌ಮೆಂಟ್ ಆದರೆ ಇದು ನಿಮ್ಮೊಬ್ಬರ ಕೈಯಲ್ಲಿಲ್ಲ. ಸಂಘದ ಮೂಲಕ ಇಡೀ ಕಟ್ಟಡದ ಅರ್ಥಿಂಗನ್ನು ಅಳೆಯಿಸಿ.

ಎರಡು ಕೆಲಸಗಳನ್ನು ಖಂಡಿತ ಮಾಡಬೇಡಿ. ನಲ್ಲಿ ಪೈಪಿಗೆ ಅರ್ಥ್ ಕಟ್ಟಬೇಡಿ. ಆಡಿಯೋಗೆಂದೇ ಪ್ರತ್ಯೇಕವಾಗಿ ಇನ್ನೊಂದು ಸರಳು ನೆಟ್ಟು, ಅದನ್ನು ಮನೆಯ ಅರ್ಥಿಂಗಿಗೆ ಸೇರಿಸದೆ ಬಿಡಬೇಡಿ. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಉಂಟಾಗಿ, ಅದು ನಿಮ್ಮ ಉಪಕರಣದ ಮೂಲಕವೇ ಹಾದುಹೋಗಬಹುದು.

ಜೊತೆಗೆ ಡಿಬಿಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದಾಗ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿ. ಅದರ ಮೇಲಿನ ‘ಟೆಸ್ಟ್’ ಗುಂಡಿ ಒತ್ತಿದರೆ ತಕ್ಷಣ ಟ್ರಿಪ್ ಆಗಬೇಕು. ಆಗದಿದ್ದರೆ ಅದನ್ನು ಬದಲಿಸಿ.

## ಹಂತ 4: ಸಾಕೆಟ್, ಪ್ಲಗ್ ಬಿಗಿಯಾಗಿರಲಿ

ಪ್ಲಗ್ ಹಾಕಿದ ಮೇಲೆ ಅದು ಜೋತುಬೀಳುತ್ತಿದೆಯೇ? ಅಲುಗಿಸಿದರೆ ಚಟಪಟ ಎನ್ನುತ್ತದೆಯೇ? ಸಾಕೆಟ್ ಸುತ್ತ ಕಂದು ಬಣ್ಣದ ಸುಟ್ಟ ಗುರುತು ಇದೆಯೇ? ಹಾಗಿದ್ದರೆ ಒಳಗಿನ ಹಿತ್ತಾಳೆಯ ಪಟ್ಟಿ ಹಿಡಿತ ಕಳೆದುಕೊಂಡಿದೆ. ಸಡಿಲ ಜಾಗದಲ್ಲಿ ಹುಟ್ಟುವ ಸಣ್ಣ ಸಣ್ಣ ಕಿಡಿಗಳೇ ಸ್ಪೀಕರಿನ ಚಟಪಟಕ್ಕೆ ಕಾರಣ, ಬೆಂಕಿಗೂ ಅವೇ ಕಾರಣ.

ಐಎಸ್‌ಐ ಗುರುತಿನ ಹೊಸ ಸಾಕೆಟ್ ಹಾಕಿಸಿ. ಸಾಮಾನ್ಯ ಸ್ಟೀರಿಯೋಗೆ 6 ಆಂಪಿಯರಿನದು ಸಾಕು; ದೊಡ್ಡ ಪವರ್ ಆಂಪ್ಲಿಫೈಯರ್, ಸಬ್‌ವೂಫರ್ ಇದ್ದರೆ 16 ಆಂಪಿಯರಿನದು ಇರಲಿ. ಮಲ್ಟಿಪ್ಲಗ್ ಮೇಲೆ ಮಲ್ಟಿಪ್ಲಗ್ ಏರಿಸುವುದನ್ನು, ಎಲ್ಲ ದೇಶದ ಪಿನ್ನಿಗೂ ಹೊಂದುವ ಸಡಿಲ ಅಡಾಪ್ಟರನ್ನು ಬಿಟ್ಟುಬಿಡಿ. ವಿದೇಶದ ಪ್ಲಗ್ ಇದ್ದರೆ ಅದರ ಪವರ್ ಕಾರ್ಡನ್ನೇ ಭಾರತೀಯ ಮೂರು ಪಿನ್ನಿನದಕ್ಕೆ ಬದಲಿಸಿ. ಹೆಚ್ಚಿನ ಉಪಕರಣಗಳಲ್ಲಿ ಕಾರ್ಡ್ ಬಿಚ್ಚಿ ಹಾಕಲು ಬರುತ್ತದೆ.

## ಹಂತ 5: ಸಾಧ್ಯವಾದರೆ ಪ್ರತ್ಯೇಕ ಲೈನ್ ಎಳೆಸಿ

ಮನೆ ಕಟ್ಟಿಸುತ್ತಿದ್ದರೆ ಅಥವಾ ವೈರಿಂಗ್ ಬದಲಿಸುತ್ತಿದ್ದರೆ ಇದು ಒಳ್ಳೆಯ ಅವಕಾಶ. ಡಿಬಿಯಿಂದ ನೇರವಾಗಿ, ನಡುವೆ ಎಲ್ಲೂ ಬೇರೆ ಸಾಕೆಟ್ಟಿಗೆ ಕವಲೊಡೆಯದಂತೆ, ಆಡಿಯೋ ಮೂಲೆಗೆ ಒಂದು ಲೈನ್ ತರಿಸಿ. ಎಲೆಕ್ಟ್ರಿಷಿಯನ್ನರಿಗೆ ಹೀಗೆ ಹೇಳಿ:

- ಐಎಸ್ 694 ಗುರುತಿನ ತಾಮ್ರದ ವೈರು, 2.5 ಚದರ ಮಿ.ಮೀ.; ಡಿಬಿ ದೂರವಿದ್ದರೆ 4 ಚದರ ಮಿ.ಮೀ.
- ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಡಿಬಿಯಿಂದಲೇ ಒಟ್ಟಿಗೆ ಬರಬೇಕು.
- 16 ಆಂಪಿಯರಿನ ‘ಸಿ’ ಮಾದರಿಯ ಎಂಸಿಬಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್ ಆನ್ ಆದ ಕ್ಷಣ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುತ್ತದೆ. ‘ಬಿ’ ಮಾದರಿಯದು ಆಗ ಸುಮ್ಮಸುಮ್ಮನೆ ಟ್ರಿಪ್ ಆಗಬಹುದು.
- ಮನೆಗೆ ತ್ರೀ ಫೇಸ್ ಇದ್ದರೆ ಆಡಿಯೋಗೆ ಸಂಬಂಧಿಸಿದ ಎಲ್ಲವೂ ಒಂದೇ ಫೇಸಿನಲ್ಲಿರಲಿ. ಫ್ರಿಜ್, ಪಂಪ್, ಎಸಿ ಬೇರೆ ಫೇಸಿಗೆ ಹೋಗಲಿ.

ದಪ್ಪ ವೈರಿನ ಲಾಭ ಎಷ್ಟು ಎಂಬ ಲೆಕ್ಕವೂ ತಿಳಿದಿರಲಿ. 2.5 ಚದರ ಮಿ.ಮೀ. ತಾಮ್ರದ ವೈರಿನ ರೋಧ ಕಿಲೋಮೀಟರಿಗೆ ಸುಮಾರು 8 ಓಮ್. ಡಿಬಿ 15 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 30 ಮೀಟರ್, ರೋಧ 0.24 ಓಮ್. 5 ಆಂಪಿಯರ್ ಹರಿದರೆ ನಷ್ಟವಾಗುವುದು 1.2 ವೋಲ್ಟ್, 4 ಚದರ ಮಿ.ಮೀ. ವೈರಿನಲ್ಲಿ 0.75 ವೋಲ್ಟ್. ವ್ಯತ್ಯಾಸ ಅರ್ಧ ವೋಲ್ಟಿನಷ್ಟೂ ಇಲ್ಲ. ಹಾಗಾಗಿ ಪ್ರತ್ಯೇಕ ಲೈನಿನ ನಿಜವಾದ ಪ್ರಯೋಜನ ದಪ್ಪದಲ್ಲಿ ಇಲ್ಲ. ನಡುವೆ ಸಡಿಲ ಜೋಡಣೆಗಳು ಇಲ್ಲದಿರುವುದರಲ್ಲಿ, ಫ್ರಿಜ್‌ನಂಥವು ಅದೇ ವೈರನ್ನು ಹಂಚಿಕೊಳ್ಳದಿರುವುದರಲ್ಲಿ ಇದೆ. ಬಾಡಿಗೆ ಮನೆಯವರು ಈ ಹಂತ ಬಿಟ್ಟರೂ ದೊಡ್ಡ ನಷ್ಟವಿಲ್ಲ.

## ಹಂತ 6: ಗದ್ದಲದ ಮೂಲ ಹುಡುಕಿ

ಬ್ಯಾಟರಿಯಲ್ಲಿ ಓಡುವ ಮೊಬೈಲನ್ನು ಆಂಪ್ಲಿಫೈಯರಿಗೆ ಜೋಡಿಸಿ, ಹಾಡು ನಿಲ್ಲಿಸಿ, ಕರಕರ ಕೇಳುವಷ್ಟು ವಾಲ್ಯೂಮ್ ಇಡಿ. ಈಗ ಮನೆಯ ಒಂದೊಂದೇ ಉಪಕರಣವನ್ನು ಆರಿಸುತ್ತಾ ಹೋಗಿ. ಬೇಗ ಮುಗಿಸಬೇಕೆಂದರೆ ಡಿಬಿಯಲ್ಲಿ ಆಡಿಯೋದ ಎಂಸಿಬಿ ಬಿಟ್ಟು ಉಳಿದವನ್ನು ಒಂದೊಂದಾಗಿ ಇಳಿಸಿ. ಯಾವುದನ್ನು ಇಳಿಸಿದಾಗ ಸದ್ದು ನಿಲ್ಲುತ್ತದೋ ಆ ಕೋಣೆಯಲ್ಲಿ ಹುಡುಕಿ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಫ್ಯಾನ್ ರೆಗ್ಯುಲೇಟರ್. ಗುಂಡಿ ತಿರುಗಿಸಿದಂತೆ ಹಂತವಿಲ್ಲದೆ ನಯವಾಗಿ ವೇಗ ಬದಲಿಸುವ ರೆಗ್ಯುಲೇಟರಿನಲ್ಲಿ ಟ್ರಯಾಕ್ ಎಂಬ ಬಿಡಿಭಾಗ ಇರುತ್ತದೆ. ಅದು ಕರೆಂಟಿನ ಅಲೆಯನ್ನು ಪ್ರತಿ ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ. ಸ್ಪೀಕರಿನ ಕರಕರ ಆ ಕತ್ತರಿಕೆಯದೇ. ಒಂದು, ಎರಡು, ಮೂರು ಎಂದು ಮೆಟ್ಟಿಲಿನಂತೆ ವೇಗ ಬದಲಿಸುವ ಕೆಪ್ಯಾಸಿಟರ್ ಮಾದರಿಯ ರೆಗ್ಯುಲೇಟರ್ ಹಾಕಿಸಿದರೆ ಗದ್ದಲ ನಿಲ್ಲುತ್ತದೆ.

ಉಳಿದ ಶಂಕಿತರು: ದೀಪದ ಡಿಮ್ಮರ್, ಹೆಸರಿಲ್ಲದ ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ವೈಫೈ ರೂಟರಿನ ಅಡಾಪ್ಟರ್. ಇವನ್ನು ಬದಲಿಸಿ ಅಥವಾ ಬೇರೆ ಗೋಡೆಯ ಸಾಕೆಟ್ಟಿಗೆ ಸರಿಸಿ. ಪವರ್ ಕಾರ್ಡ್ ಮತ್ತು ಸಿಗ್ನಲ್ ವೈರು ಒಂದಕ್ಕೊಂದು ಅಂಟಿಕೊಂಡು ಹೋಗದಿರಲಿ. ಹಾಯಲೇಬೇಕಾದಲ್ಲಿ ಅಡ್ಡಡ್ಡ ಹಾಯಲಿ.

## ಹಂತ 7: ಗ್ರೌಂಡ್ ಲೂಪ್ ಒಡೆಯಿರಿ

ಎರಡು ಉಪಕರಣಗಳು ಸಿಗ್ನಲ್ ವೈರಿನ ಮೂಲಕವೂ ಸೇರಿಕೊಂಡು, ಬೇರೆ ಬೇರೆ ಸಾಕೆಟ್ಟಿನ ಅರ್ಥ್ ಮೂಲಕವೂ ಸೇರಿಕೊಂಡರೆ ಒಂದು ಸುತ್ತು ಪೂರ್ಣವಾಗುತ್ತದೆ. ಎರಡೂ ಕಡೆಯ ಅರ್ಥ್‌ಗಳ ನಡುವಿನ ಚಿಕ್ಕ ವೋಲ್ಟೇಜ್ ಆ ಸುತ್ತಿನಲ್ಲಿ ಕರೆಂಟಾಗಿ ಹರಿದು, ಸಿಗ್ನಲ್ಲಿನ ಜೊತೆ ಬೆರೆತು ಗುಂಯ್‌ಗುಡುತ್ತದೆ.

1. ಮೊದಲು ಆಡಿಯೋದ ಎಲ್ಲ ಉಪಕರಣಗಳನ್ನೂ ಒಂದೇ ಗಟ್ಟಿಮುಟ್ಟಾದ ಎಕ್ಸ್‌ಟೆನ್ಷನ್ ಪಟ್ಟಿಗೆ ಜೋಡಿಸಿ. ಎಷ್ಟೋ ಮನೆಗಳಲ್ಲಿ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಪಟ್ಟಿಯ ಮೇಲಿನ ಆಂಪಿಯರ್ ಮಿತಿ ದಾಟಬೇಡಿ.
2. ಕೇಬಲ್ ಟಿವಿ ಅಥವಾ ಡಿಶ್ಶಿನ ವೈರನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ ನೋಡಿ. ಸದ್ದು ನಿಂತರೆ, ಕೇಬಲ್ ಟಿವಿಯ ವೈರಿಗೆ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿ; ಡಿಶ್ಶಿನ ವೈರಾದರೆ ಕೆಳಗಿನ 4ನೇ ಉಪಾಯ ಬಳಸಿ.
3. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಆಪ್ಟಿಕಲ್ ವೈರು ಅಥವಾ ಬ್ಲೂಟೂತ್ ಬಳಸಿ. ಇವೆರಡರಲ್ಲೂ ತಾಮ್ರದ ಕೊಂಡಿ ಇಲ್ಲದ್ದರಿಂದ ಲೂಪ್ ಆಗುವ ಪ್ರಶ್ನೆಯೇ ಇಲ್ಲ.
4. ಆಗಲೂ ಉಳಿದರೆ ಸಿಗ್ನಲ್ ವೈರಿನ ನಡುವೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ.

‘ಅರ್ಥ್ ಪಿನ್ ಮುರಿದುಬಿಡಿ, ಸದ್ದು ಹೋಗುತ್ತದೆ’ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಸದ್ದು ಹೋಗುವುದು ನಿಜ. ಆದರೆ ಒಳಗೆ ದೋಷವಾದ ದಿನ ಆ ಉಪಕರಣದ ಕವಚ 230 ವೋಲ್ಟ್ ಹೊತ್ತು ನಿಂತಿರುತ್ತದೆ, ಅದನ್ನು ಮನೆಯ ಮಗುವೂ ಮುಟ್ಟಬಹುದು.

## ಹಂತ 8: ಸಿಡಿಲು, ಏರಿಳಿತದಿಂದ ಕಾಪಾಡಿ

ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ ಗುಡುಗು ಸಿಡಿಲು ಜಾಸ್ತಿ. ಡಿಬಿಯಲ್ಲಿ ‘ಟೈಪ್ 2’ ಸರ್ಜ್ ರಕ್ಷಕ ಹಾಕಿಸಿ. ಅದರ ಪುಟ್ಟ ಕಿಟಕಿಯ ಬಣ್ಣ ಹಸಿರಿನಿಂದ ಕೆಂಪಿಗೆ ತಿರುಗಿದರೆ ಆಯುಸ್ಸು ಮುಗಿದಿದೆ ಎಂದರ್ಥ. ಅರ್ಥಿಂಗ್ ಚೆನ್ನಾಗಿಲ್ಲದ ಮನೆಯಲ್ಲಿ ಅದು ತನ್ನ ಕೆಲಸ ಮಾಡಲಾರದು. 3ನೇ ಹಂತ ಮೊದಲು ಬರಬೇಕಾದ್ದು ಇದಕ್ಕೂ ಸಹ. ನೇರ ಸಿಡಿಲನ್ನು ಯಾವ ಸಾಧನವೂ ಪೂರ್ತಿ ತಡೆಯಲಾರದು. ಮೋಡ ಕವಿಯುವುದು ಕಂಡಾಗಲೇ ಪ್ಲಗ್ ತೆಗೆಯಿರಿ, ಕೇಬಲ್ ಮತ್ತು ಡಿಶ್ ವೈರನ್ನೂ ಬಿಚ್ಚಿ. ಸಿಡಿಲು ಶುರುವಾದ ಮೇಲೆ ಅವುಗಳ ಬಳಿ ಹೋಗಬೇಡಿ.

ಇನ್ನೊಂದು ಅಪಾಯ ನ್ಯೂಟ್ರಲ್ ಕಡಿತ. ಬೀದಿಯ ತ್ರೀ ಫೇಸ್ ಲೈನಿನಲ್ಲಿ ನ್ಯೂಟ್ರಲ್ ತುಂಡಾದರೆ ಕೆಲವು ಮನೆಗಳಿಗೆ 400 ವೋಲ್ಟ್ ಹತ್ತಿರದವರೆಗೂ ನುಗ್ಗಬಹುದು. ವೋಲ್ಟೇಜ್ ಮಿತಿ ದಾಟಿದ ಕೂಡಲೇ ಸಂಪರ್ಕ ಕಡಿಯುವ ರಕ್ಷಕವನ್ನು ಡಿಬಿಗೆ ಸೇರಿಸಿದರೆ ಟಿವಿ, ಫ್ರಿಜ್ ಕೂಡ ಉಳಿಯುತ್ತವೆ.

ಸ್ಟೆಬಿಲೈಜರ್ ಬೇಕೇ? ಉಪಕರಣದ ಹಿಂಬದಿಯಲ್ಲಿ ‘100–240 ವೋಲ್ಟ್’ ಎಂದಿದ್ದರೆ ಕಡಿಮೆ ವೋಲ್ಟೇಜಿಗಾಗಿ ಬೇಕಿಲ್ಲ. 2ನೇ ಹಂತದ ಅಳತೆ 216–244ರ ಒಳಗಿದ್ದರೂ ಬೇಕಿಲ್ಲ. ಸಂಜೆ 190ಕ್ಕೆ ಇಳಿಯುವ ಊರಾದರೆ, ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಉಪಕರಣಕ್ಕೆ ಸರ್ವೋ ಸ್ಟೆಬಿಲೈಜರ್ ಒಳ್ಳೆಯದು.

## ಹಂತ 9: ಇನ್ವರ್ಟರ್ ಮತ್ತು ವಿದೇಶಿ ಉಪಕರಣಗಳ ವಿಷಯದಲ್ಲಿ ಎಚ್ಚರ

ಕರೆಂಟು ಹೋದಾಗ ಮನೆಯ ಇನ್ವರ್ಟರಿನಲ್ಲಿ ಹಾಡು ಕೇಳುವುದಾದರೆ ಅದು ಸೈನ್ ವೇವ್ ಮಾದರಿಯದಾಗಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಹೆಚ್ಚು ಬಿಸಿಯಾಗುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಉಪಕರಣವಾದರೆ ಅದು 120 ವೋಲ್ಟ್, 60 ಹರ್ಟ್ಜ್‌ನದಾಗಿರಬಹುದು. ಜಪಾನಿನ ಒಳಮಾರುಕಟ್ಟೆಯದು 100 ವೋಲ್ಟ್‌ನದು. ನೇರ ಜೋಡಿಸಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಜನ್ನು ಬದಲಿಸುವುದಿಲ್ಲ. ಎಸಿ ಸಿಂಕ್ರೊನಸ್ ಮೋಟಾರಿನ ಅಮೆರಿಕನ್ ಟರ್ನ್‌ಟೇಬಲ್ ನಮ್ಮ 50 ಹರ್ಟ್ಜ್‌ನಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8 ಸುತ್ತು ತಿರುಗುತ್ತದೆ. ಹಾಡು ಮೂರು ಸ್ವರಸ್ಥಾನ ಕೆಳಗಿಳಿಯುತ್ತದೆ. 50 ಹರ್ಟ್ಜ್‌ನ ಪುಲ್ಲಿ ಸಿಗದಿದ್ದರೆ ಅಂಥದ್ದನ್ನು ತರಿಸಬೇಡಿ. ಗಲ್ಫಿನಿಂದ ಬಂದ ಉಪಕರಣದ ಮೇಲೆ 220–240 ವೋಲ್ಟ್, 50 ಹರ್ಟ್ಜ್ ಎಂದಿದ್ದರೆ ಈ ತೊಂದರೆ ಇಲ್ಲ.

## ಹಂತ 10: ಮತ್ತೆ ಕೇಳಿ, ಆಮೇಲೆ ಖರ್ಚು ಮಾಡಿ

ಮೊದಲ ಹಂತದ ಟಿಪ್ಪಣಿ ತೆಗೆದು, ಅದೇ ಹೊತ್ತಿನಲ್ಲಿ, ಅದೇ ವಾಲ್ಯೂಮಿನಲ್ಲಿ ಮತ್ತೆ ಕೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದರೆ ಯಾವುದರಿಂದ ಗುಣವಾಯಿತು ಎಂಬುದು ಸ್ಪಷ್ಟವಾಗುತ್ತದೆ.

ಅಂಗಡಿಯಲ್ಲಿ ಸಾವಿರಾರು ರೂಪಾಯಿಯ ಪವರ್ ಕಾರ್ಡ್, ವಿಶೇಷ ಫ್ಯೂಸ್ ತೋರಿಸುತ್ತಾರೆ. ಆಂಪ್ಲಿಫೈಯರ್ ಗೋಡೆಯ ಕರೆಂಟನ್ನು ನೇರ ಸ್ಪೀಕರಿಗೆ ಕಳಿಸುವುದಿಲ್ಲ. ಅದನ್ನು ಒಳಗೆ ಡಿಸಿಗೆ ತಿರುಗಿಸಿ, ಕೆಪ್ಯಾಸಿಟರಿನಲ್ಲಿ ತುಂಬಿಟ್ಟುಕೊಂಡು ಬಳಸುತ್ತದೆ. ಕಂಬದಿಂದ ನಿಮ್ಮ ಮನೆಯವರೆಗೆ ಸಾಮಾನ್ಯ ತಂತಿಯಲ್ಲೇ ಬಂದ ಕರೆಂಟು ಕೊನೆಯ ಒಂದೂವರೆ ಮೀಟರಿನ ದುಬಾರಿ ಕಾರ್ಡಿನಿಂದ ಸಿಹಿಯಾಗುವುದಿಲ್ಲ. ಸಾಕಷ್ಟು ದಪ್ಪದ, ಐಎಸ್‌ಐ ಗುರುತಿನ ಸಾಮಾನ್ಯ ಕಾರ್ಡ್ ಸಾಕು.

ಹಣ ಹೋಗಬೇಕಾದ ಕ್ರಮ ಇದು: ಅರ್ಥಿಂಗ್, ಆರ್‌ಸಿಸಿಬಿ, ಒಳ್ಳೆಯ ಸಾಕೆಟ್, ರೆಗ್ಯುಲೇಟರ್ ಬದಲಾವಣೆ, ಸರ್ಜ್ ರಕ್ಷಕ, ಆಮೇಲೆ ಸಾಧ್ಯವಾದರೆ ಪ್ರತ್ಯೇಕ ಲೈನ್. ಇಷ್ಟು ಮಾಡಿಸಿದ ಮನೆಯಲ್ಲಿ ಸಂಗೀತ ಕೇಳುವವರಷ್ಟೇ ಅಲ್ಲ, ಗೀಸರ್, ವಾಷಿಂಗ್ ಮಷೀನ್ ಬಳಸುವವರೂ ಸುರಕ್ಷಿತ. ಹಾಗಾಗಿ ಈ ವಾರದಲ್ಲೇ ಶುರು ಮಾಡಿ: ಮನೆಯವರಿಗೆ ತಿಳಿಸಿ, ಕಂಪ್ಯೂಟರ್ ಆರಿಸಿ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಅದು ಟ್ರಿಪ್ ಆಗದಿದ್ದರೆ ಹೊಸ ಸ್ಪೀಕರಿಗೂ ಮುಂಚೆ ಮನೆಗೆ ಬರಬೇಕಾದದ್ದು ಹೊಸ ಆರ್‌ಸಿಸಿಬಿ.